ಇಬ್ಬರ ನಡುವಿನ ಗೋಡೆ

‘ಟೆರೇಸು’ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಮನೆಯ ಮೇಲಣ ತಾರಸಿ. ಹಪ್ಪಳ ಸಂಡಿಗೆ ಒಣಗಿಸುವ, ಬೇಸಗೆಯ ಇರುಳಿನಲ್ಲಿ ಹಾಸಿಗೆ ಬಿಡಿಸಿಕೊಳ್ಳುವ ಸ್ಥಳ. ಇಂಗ್ಲೆಂಡಿನ ‘ಟೆರೇಸು ಮನೆ’ಗೂ ಇದಕ್ಕೂ ಸಂಬಂಧವಿಲ್ಲ. ಆ ಮನೆಗೆ ಸಾಮಾನ್ಯವಾಗಿ ಇರುವುದು ಇಳಿಜಾರಿನ ಮಾಡು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದಕ್ಕೊಂದು ಅಂಟಿಕೊಂಡು, ಎರಡೆರಡು ಮನೆಗಳು ಒಂದೊಂದು ಗೋಡೆಯನ್ನು ಹಂಚಿಕೊಂಡು ನಿಂತ ಸಾಲುಮನೆಗಳಿಗೆ ಅಲ್ಲಿ ಆ ಹೆಸರು. ನಮ್ಮ ಅಗ್ರಹಾರಗಳಲ್ಲಿ, ಹಳೆಯ ಪೇಟೆಬೀದಿಗಳಲ್ಲಿ ಇಂತಹ ಮನೆಗಳನ್ನು ಕಂಡವರಿಗೆ ಈ ಕಲ್ಪನೆ ತೀರ ಹೊಸದೇನಲ್ಲ. ಕನ್ನಡ ಪಾಠ ಹೇಳಿಕೊಂಡು ಬಂದ ನನಗೆ ಇವುಗಳಲ್ಲಿ ಆಸಕ್ತಿ ಹುಟ್ಟಿದ್ದು ವಾಸ್ತುಶಾಸ್ತ್ರದಿಂದಲ್ಲ, ಕಾದಂಬರಿಗಳಿಂದ. ಡಿಕನ್ಸನ ಕಾಲದ ಜನ ಎಂತಹ ಗೋಡೆಗಳ ನಡುವೆ ಬದುಕಿದರೆಂಬುದನ್ನು ತಿಳಿಯದೆ ಆ ಕಾದಂಬರಿಗಳ ಹೊಗೆ, ಮಂಜು, ಥಂಡಿಗಳು ನಮಗೆ ಬರಿಯ ಮಾತುಗಳಾಗಿ ಉಳಿಯುತ್ತವೆ.

ವಿಕ್ಟೋರಿಯ ರಾಣಿ ಆಳಿದ್ದು ೧೮೩೭ರಿಂದ ೧೯೦೧ರವರೆಗೆ. ಕಾರ್ಖಾನೆಗಳ ಕೂಗು ಹಳ್ಳಿಗರನ್ನು ನಗರಗಳಿಗೆ ಸೆಳೆದ ಕಾಲವದು. ೧೮೫೧ರ ಜನಗಣತಿಯ ವೇಳೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಣವಾಸಿಗಳಾಗಿದ್ದರು. ಇಷ್ಟು ಜನಕ್ಕೆ ಸೂರು ಬೇಕಲ್ಲ! ಕಡಿಮೆ ಜಾಗದಲ್ಲಿ, ಕಡಿಮೆ ಖರ್ಚಿನಲ್ಲಿ ಬೇಗನೆ ಏಳುವುದು ಸಾಲುಮನೆಯೇ. ಸುಂಕಗಳೂ ಒಂದೊಂದಾಗಿ ಸಡಿಲಿದುವು. ಗಾಜಿನ ಮೇಲಣ ಸುಂಕ ೧೮೪೫ರಲ್ಲಿ, ಇಟ್ಟಿಗೆಯ ಸುಂಕ ೧೮೫೦ರಲ್ಲಿ ರದ್ದಾದುವು; ಕಿಟಕಿಗಳನ್ನೆಣಿಸಿ ತೆರಿಗೆ ಹಾಕುವ ವಿಚಿತ್ರ ಪದ್ಧತಿ ೧೮೫೧ರಲ್ಲಿ ಕೊನೆಗೊಂಡಿತು. ನಮ್ಮ ಮಕ್ಕಳು ಬಳಪ ಹಿಡಿದು ಬರೆಯುತ್ತಿದ್ದ ಸ್ಲೇಟಿನಂತಹ ಕಲ್ಲುಹಲಗೆಗಳು ವೇಲ್ಸ್‌ನ ಗಣಿಗಳಿಂದ ರೈಲಿನಲ್ಲಿ ಬಂದು ದೂರದೂರದ ಊರುಗಳ ಮಾಡುಗಳನ್ನು ಹೊದಿಸಿದುವು.

ಮೊದಮೊದಲು ಕಟ್ಟಿದ ಬಡವರ ಮನೆಗಳ ಕಥೆ ದಾರುಣವಾದದ್ದು. ಲೀಡ್ಸ್, ಬರ್ಮಿಂಗ್‌ಹ್ಯಾಮ್ ಮೊದಲಾದ ಊರುಗಳಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಮನೆಗಳೆದ್ದುವು. ಎಡ, ಬಲ, ಹಿಂದೆ ಮೂರು ಕಡೆಯೂ ನೆರೆಯವರ ಗೋಡೆ. ಗಾಳಿ ಬೆಳಕು ಬರಬೇಕಾದದ್ದು ಮುಂದಣಿಂದ ಮಾತ್ರ. ಕಾಲರಾ ಇಂತಹ ಬೀದಿಗಳಲ್ಲಿ ಕಾಲಿಟ್ಟಾಗ ಸರ್ಕಾರ ಕಣ್ತೆರೆಯಿತು. ೧೮೪೮ರಲ್ಲಿ ಒಂದು, ೧೮೭೫ರಲ್ಲಿ ಮತ್ತಷ್ಟು ಬಲವಾದ ಇನ್ನೊಂದು ಸಾರ್ವಜನಿಕ ಆರೋಗ್ಯ ಶಾಸನ ಬಂದುವು. ೧೮೭೭ರ ಮಾದರಿ ನಿಯಮಗಳು ಹೊಸ ಬೀದಿಗಳಿಗೆ ೩೬ ಅಡಿ ಅಗಲವನ್ನೂ ಮನೆಯ ಹಿಂದೆ ತೆರೆದ ಜಾಗವನ್ನೂ ಸೂಚಿಸಿದುವು. ಬೆನ್ನು ಕೂಡಿಸಿ ಕಟ್ಟುವುದನ್ನು ೧೯೦೯ರ ಶಾಸನ ನಿಷೇಧಿಸಿತು. ಗೆರೆ ಎಳೆದಂತೆ ನೇರವಾಗಿ, ಒಂದೇ ತೆರನಾಗಿ ಸಾಗುವ ಆ ಬೀದಿಗಳನ್ನು ನೀರಸವೆಂದು ಹಳಿದವರುಂಟು. ಆ ನೀರಸತೆಯ ಹಿಂದೆ ಎಷ್ಟೋ ಶಿಶುಗಳ ಪ್ರಾಣ ಉಳಿಸಬೇಕೆಂಬ ಕಳಕಳಿಯಿತ್ತೆಂಬುದನ್ನು ನಾವು ಮರೆಯಲಾಗದು.

ಈಗ ಮನೆಯೊಳಗೆ ಹೋಗೋಣ. ಸಾಧಾರಣ ಮನೆಯ ಹೊರಗೋಡೆ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ; ಕಟ್ಟಿದ್ದು ಸುಣ್ಣದ ಗಾರೆಯಿಂದ. ಮುಂದೆ ಅತಿಥಿಗಳಿಗೆಂದು ಒಪ್ಪವಾಗಿಟ್ಟ ಕೋಣೆ, ಹಿಂದೆ ಅಡುಗೆ, ಮಹಡಿಯ ಮೇಲೆ ಮಲಗುವ ಕೋಣೆಗಳು. ಸ್ವಲ್ಪ ಅನುಕೂಲವಂತರ ಮನೆಯಾದರೆ ಬೀದಿಯ ಕಡೆಗೆ ಮುಂಚಾಚಿದ ಕಿಟಕಿಯೊಂದಿರುತ್ತದೆ. ಕಿಟಕಿಯ ಬಾಗಿಲುಗಳು ಚೌಕಟ್ಟಿನೊಳಗೆ ಅಡಗಿಸಿದ ಹಗ್ಗ ಮತ್ತು ಭಾರದ ಗುಂಡುಗಳ ಸಹಾಯದಿಂದ ಮೇಲಕ್ಕೂ ಕೆಳಕ್ಕೂ ಸರಿಯುತ್ತವೆ. ನೆಲ ಹಲಗೆಯದು; ಅದರ ಕೆಳಗೆ ಗಾಳಿಯಾಡಲು ಟೊಳ್ಳು, ಆ ಟೊಳ್ಳಿಗೆ ಹೊರಗೋಡೆಯಲ್ಲಿ ತೂತಿನ ಇಟ್ಟಿಗೆಗಳು. ಎಡಬಲದ ಮನೆಗಳ ಅಗ್ಗಿಷ್ಟಿಕೆಗಳ ಹೊಗೆಗೊಳವೆಗಳು ಹಲವು ಕಡೆ ಒಂದೇ ನಡುಗೋಡೆಯಲ್ಲಿ ಏರಿ, ಮಾಡಿನ ಮೇಲೆ ಒಂದೇ ಹೊಗೆಗೂಡಾಗಿ ತಲೆಯೆತ್ತುತ್ತವೆ. ಇಬ್ಬರ ಒಲೆಯ ಹೊಗೆಗೆ ಒಂದೇ ದಾರಿ!

ಈ ಮನೆ ಉಸಿರಾಡುವ ಮನೆ. ಗೋಡೆ ಮಳೆಯ ನೀರನ್ನು ಕೊಂಚ ಹೀರುತ್ತದೆ. ಸುಣ್ಣದ ಗಾರೆ ಅದನ್ನು ಮತ್ತೆ ಗಾಳಿಗೆ ಬಿಟ್ಟುಕೊಡುತ್ತದೆ. ಉರಿಯುವ ಒಲೆ ಒಳಗಿನ ತೇವದ ಗಾಳಿಯನ್ನು ಸೆಳೆದು ಮೇಲಕ್ಕೆ ಕಳುಹಿಸುತ್ತದೆ. ಈ ಗುಟ್ಟನ್ನು ಮುಂದಿನವರು ಮರೆತರು. ೧೯೫೬ರ ಶುದ್ಧವಾಯು ಶಾಸನದ ಅನಂತರ ಕಲ್ಲಿದ್ದಲಿನ ಒಲೆಗಳು ಆರಿದಾಗ ಹೊಗೆಗೊಳವೆಗಳನ್ನು ಮುಚ್ಚಿದರು. ಶಾಸನ ಒಳ್ಳೆಯದೇ, ಮುಚ್ಚಿದ ಕೊಳವೆಯೊಳಗೆ ತೇವ ನಿಂತದ್ದು ಮಾತ್ರ ಕೇಡಾಯಿತು. ಗಾರೆ ಉದುರಿದ ಸಂದುಗಳಿಗೆ ಗಟ್ಟಿಯೆಂದು ಸಿಮೆಂಟನ್ನು ತುಂಬಿದರು. ಒಳಹೊಕ್ಕ ನೀರಿಗೆ ಹೊರಬರುವ ದಾರಿ ತಪ್ಪಿ, ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿದಾಗ ಇಟ್ಟಿಗೆಯ ಮುಖವೇ ಚಕ್ಕೆಚಕ್ಕೆಯಾಗಿ ಎದ್ದು ಬಂದಿತು. ಗೋಡೆಯನ್ನು ಬಲಪಡಿಸಹೊರಟ ಕೈಯೇ ಗೋಡೆಯನ್ನು ಕೆಡಿಸಿತು.

ದೊಡ್ಡ ಮನೆಗಳ ಪಾಡು ಬೇರೆ. ಕುಟುಂಬಗಳು ಚಿಕ್ಕವಾಗಿ, ಆಳುಕಾಳು ಇಲ್ಲವಾದಾಗ ಅವು ಕೋಣೆಕೋಣೆಯಾಗಿ ಬಾಡಿಗೆಗೆ ಹೋದುವು. ಕಡಲು ದಾಟಿ ಹೋದ ನಮ್ಮ ವಿದ್ಯಾರ್ಥಿಗಳಿಗೂ ಇಂತಹ ಕೋಣೆಗಳು ಆಶ್ರಯವಾದುವು. ೧೯೨೧-೨೨ರಲ್ಲಿ ಅರ್ಥಶಾಸ್ತ್ರದ ವ್ಯಾಸಂಗಕ್ಕಾಗಿ ಲಂಡನ್ನಿನಲ್ಲಿದ್ದ ಅಂಬೇಡ್ಕರರು ವಾಸಿಸಿದ್ದು ಕಿಂಗ್ ಹೆನ್ರೀಸ್ ರಸ್ತೆಯ ಹತ್ತನೆಯ ಸಂಖ್ಯೆಯ ಸಾಲುಮನೆಯಲ್ಲಿ. ೨೦೧೫ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ಕೊಂಡು ಸ್ಮಾರಕವನ್ನಾಗಿಸಿತು.

ಸಾಲುಮನೆಯ ಸ್ಥಿತಿಗತಿಯನ್ನು ಒಂದು ಮನೆಯೊಳಗೆ ಮಾತ್ರ ನೋಡಿ ಹೇಳಲಾಗದು. ಪಕ್ಕದ ಮನೆಯ ಸೂರಿನ ದೋಣಿ ಒಡೆದರೆ ನನ್ನ ಗೋಡೆ ನೆನೆಯುತ್ತದೆ. ಅಲ್ಲಿ ಮರಕ್ಕೆ ಹತ್ತಿದ ಬೂಷ್ಟು ಇಲ್ಲಿಯ ತೊಲೆಗೂ ಹಬ್ಬುತ್ತದೆ. ಇದನ್ನರಿತೇ ಇಂಗ್ಲಿಷರು ನಡುಗೋಡೆಯನ್ನು ಕಾನೂನಿನ ವಿಷಯವಾಗಿಸಿದರು. ೧೬೬೬ರ ಮಹಾ ಅಗ್ನಿದುರಂತದ ಅನಂತರ ಲಂಡನ್ನಿನಲ್ಲಿ ಅದು ಇಟ್ಟಿಗೆ ಇಲ್ಲವೆ ಕಲ್ಲಿನದೇ ಆಗಬೇಕೆಂಬ ಕಟ್ಟಳೆ ಬಂತು. ೧೯೯೬ರಲ್ಲಿ ಇಂಗ್ಲೆಂಡ್, ವೇಲ್ಸ್‌ಗಳೆರಡಕ್ಕೂ ಅನ್ವಯಿಸುವ ನಡುಗೋಡೆಯ ಶಾಸನವಾಯಿತು. ಆದರೆ ನೆರೆಮನೆಯಲ್ಲಿ ನೆರೆಯವನೇ ಇಲ್ಲವಾದರೆ ಶಾಸನ ಏನು ಮಾಡೀತು?

ಲಿವರ್‌ಪೂಲಿನಲ್ಲಿ ಆದದ್ದು ಅದೇ. ೧೯೮೧ರಲ್ಲಿ ಅಲ್ಲಿಯ ಟಾಕ್‌ಸ್ಟೆತ್ ಭಾಗದಲ್ಲಿ ದೊಡ್ಡ ಗಲಭೆ ನಡೆಯಿತು. ಮುಂದೆ ಗ್ರಾನ್‌ಬಿ ಎಂಬಲ್ಲಿಯ ಸಾಲುಮನೆಗಳು ಒಂದೊಂದಾಗಿ ಬರಿದಾದುವು; ಕಿಟಕಿಗಳಿಗೆ ಹಲಗೆ ಬಿತ್ತು; ಬೀದಿಬೀದಿಗಳೇ ನೆಲಸಮವಾದುವು. ೨೦೦೨ರಿಂದ ೨೦೧೧ರವರೆಗೆ ಸರ್ಕಾರದ ಪುನರುಜ್ಜೀವನ ಯೋಜನೆಯೊಂದು ಉತ್ತರ ಇಂಗ್ಲೆಂಡಿನ ಹಲವು ಊರುಗಳಲ್ಲಿ ಇಂತಹ ಸಾವಿರಾರು ಮನೆಗಳನ್ನು ಕೆಡವಿತು. ‘ಮನೆ ಶಿಥಿಲವಾಗಿದೆ’ ಎಂಬುದು ಕೇಳಲು ಬರಿಯ ವರದಿ. ಒಕ್ಕಲೆಬ್ಬಿಸಿ, ಬೀಗ ಹಾಕಿ, ಹತ್ತು ಮಳೆಗಾಲ ಬಿಟ್ಟು ಬಂದು ಹೇಳಿದರೆ ಅದು ವರದಿಯಲ್ಲ, ಮೊದಲೇ ಬರೆದಿಟ್ಟ ತೀರ್ಪು.

ಗ್ರಾನ್‌ಬಿಯಲ್ಲಿ ಉಳಿದ ನಾಲ್ಕು ಬೀದಿಗಳ ಕೆಲವೇ ನಿವಾಸಿಗಳು ಆ ತೀರ್ಪನ್ನು ಒಪ್ಪಲಿಲ್ಲ. ಬೀದಿ ಗುಡಿಸಿದರು, ಹೂಗಿಡ ನೆಟ್ಟರು, ಹಲಗೆ ಬಡಿದ ಕಿಟಕಿಗಳಿಗೆ ಬಣ್ಣ ಬಳಿದರು, ತಿಂಗಳಿಗೊಮ್ಮೆ ಸಂತೆ ಕೂಡಿಸಿದರು. ೨೦೧೧ರಲ್ಲಿ ತಮ್ಮದೇ ಭೂನಿಧಿ ಸಂಸ್ಥೆಯನ್ನು ಸ್ಥಾಪಿಸಿ, ‘ಅಸೆಂಬಲ್’ ಎಂಬ ತರುಣ ವಿನ್ಯಾಸಕಾರರ ತಂಡದೊಡನೆ ಹತ್ತು ಮನೆಗಳನ್ನು ಎತ್ತಿ ನಿಲ್ಲಿಸಿದರು. ಕೆಡವಿದ ಮನೆಗಳ ಇಟ್ಟಿಗೆ ಕಲ್ಲುಚೂರುಗಳನ್ನೇ ಅರೆದು ಎರಕ ಹೊಯ್ದು ಅಗ್ಗಿಷ್ಟಿಕೆಯ ಚೌಕಟ್ಟುಗಳನ್ನು ಮಾಡಿದರು. ೨೦೧೫ರಲ್ಲಿ ಈ ಕೆಲಸಕ್ಕಾಗಿ ಆ ತಂಡಕ್ಕೆ ಟರ್ನರ್ ಬಹುಮಾನ, ಕಲಾವಿದರಿಗೆ ಸಲ್ಲುವ ಬ್ರಿಟನ್ನಿನ ಹೆಸರಾಂತ ಪ್ರಶಸ್ತಿ, ದೊರೆಯಿತು. ಒಳಗಿನ ನೆಲವೆಲ್ಲ ಕುಸಿದುಹೋಗಿದ್ದ ಎರಡು ಮನೆಗಳನ್ನು ಕೂಡಿಸಿ ಗಾಜುಮಾಡಿನ ತೋಟ ಮಾಡಿ ೨೦೧೯ರಲ್ಲಿ ತೆರೆದರು.

ಇಂಗ್ಲೆಂಡಿನ ಮನೆಗಳಲ್ಲಿ ಸುಮಾರು ಐದರಲ್ಲೊಂದು ೧೯೧೯ಕ್ಕೆ ಹಿಂದಿನದು. ಅವೆಲ್ಲವನ್ನೂ ಕಾಪಾಡಬೇಕೆಂದು ನಾನು ಹೇಳುತ್ತಿಲ್ಲ; ಕತ್ತಲಕೋಣೆಗಳನ್ನು ಕೆಡವಿದ್ದು ಪುಣ್ಯದ ಕೆಲಸವೇ. ಆದರೆ ಯಾವುದು ಮನೆಯ ದೋಷ, ಯಾವುದು ನಮ್ಮ ಅಲಕ್ಷ್ಯ ಎಂಬ ವಿವೇಚನೆ ಮೊದಲು ಬೇಕು. ಸಾಲುಮನೆಯನ್ನು ಕಟ್ಟಿದವರು ಅದನ್ನು ಒಂಟಿಯಾಗಿ ನಿಲ್ಲಲೆಂದು ಕಟ್ಟಲಿಲ್ಲ. ಅದರ ಆಯುಸ್ಸು ಇಟ್ಟಿಗೆಯಲ್ಲಿ ಎಷ್ಟಿದೆಯೋ ಅಷ್ಟೇ ಪಕ್ಕದ ಮನೆಯಲ್ಲಿ ಉರಿಯುವ ದೀಪದಲ್ಲಿಯೂ ಇದೆ.