ನೆರಳು ಹತ್ತೊಂಬತ್ತು, ರೋಗಾಣು ನಾಲ್ಕು

ಜಯನಗರ, ಜೆಪಿ ನಗರದ ಕಡೆ ಒಂದು ರೌಂಡ್ ಹೊಡೆದರೆ ಸಾಕು, ‘ಫುಲ್ ಬಾಡಿ ಚೆಕಪ್’ ಬೋರ್ಡುಗಳು ದರ್ಶಿನಿಗಳಷ್ಟೇ ಧಾರಾಳವಾಗಿ ಸಿಗುತ್ತವೆ. ಆರಾಮಾಗಿ ಇರೋರೂ ಹೋಗಿ ರಕ್ತ ಕೊಟ್ಟು ಬರ್ತಾರೆ. ರಿಪೋರ್ಟಲ್ಲಿ ‘ಪಾಸಿಟಿವ್’ ಅಂತ ಬಂದರೆ ಆ ರಾತ್ರಿ ನಿದ್ದೆ ಇಲ್ಲ. ಪಾಸಿಟಿವ್ ಬಂದವರಿಗೆ ನಿಜಕ್ಕೂ ಕಾಯಿಲೆ ಇರುವ ಸಂಭವ ಎಷ್ಟು? ಈ ಪ್ರಶ್ನೆಯನ್ನು ಅರವತ್ತು ವರ್ಷದ ಹಿಂದೆಯೇ ಪಕ್ಕದ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಎದುರಿಸಿದ್ದರು.

1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಇಷ್ಟು ದೊಡ್ಡ ದೇಶದಲ್ಲಿ ರೋಗಿಗಳನ್ನು ಹುಡುಕೋದು ಹೇಗೆ ಅನ್ನೋದೇ ಆಗಿನ ತಲೆನೋವು. ಯುರೋಪಿನಲ್ಲಿ ವ್ಯಾನುಗಳಲ್ಲಿ ಎಕ್ಸ್-ರೇ ಯಂತ್ರ ಹೊತ್ತುಕೊಂಡು ಹೋಗಿ ಎಲ್ಲರ ಎದೆಯ ಚಿತ್ರ ತೆಗೆಯುತ್ತಿದ್ದರು. 1960–61ರಲ್ಲಿ ಸಂಸ್ಥೆಯವರು ತುಮಕೂರು ಜಿಲ್ಲೆಯಲ್ಲಿ ಎಕ್ಸ್-ರೇ ಸಮೀಕ್ಷೆ ಮಾಡಿದರು. ಸಾವಿರ ಜನರಲ್ಲಿ ಸುಮಾರು 19 ಮಂದಿಯ ಚಿತ್ರದಲ್ಲಿ ಕ್ಷಯದಂಥ ನೆರಳು ಕಂಡಿತು. ಕಫದಲ್ಲಿ ರೋಗಾಣು ಸಿಕ್ಕಿದ್ದು ಮಾತ್ರ ಸುಮಾರು 4 ಮಂದಿಗೆ. ವಾಸಿಯಾದ ಹಳೇ ಗಾಯ, ಬೇರೆ ಸೋಂಕು ಕೂಡ ಎಕ್ಸ್-ರೇನಲ್ಲಿ ನೆರಳಾಗಿಯೇ ಕಾಣುತ್ತವೆ.

ಬಿಇ ಓದಿದವರಿಗೆ ಎಂ-4 ಪೇಪರಿನ ಬೇಯ್ಸ್ ಪ್ರಮೇಯ ನೆನಪಿರಬೇಕು. ಅದನ್ನೇ ಬೆರಳಲ್ಲಿ ಎಣಿಸಬಹುದು. ನೂರಕ್ಕೆ 95 ಸಲ ಸರಿ ಹೇಳುವ ಒಂದು ಟೆಸ್ಟ್ ಇದೆ ಅಂದುಕೊಳ್ಳಿ. ಸಾವಿರ ಜನರಲ್ಲಿ ರೋಗ ಇರೋದು 4 ಜನಕ್ಕೆ. ಆ ನಾಲ್ವರೂ ಪಾಸಿಟಿವ್ ಬಂದರು ಅನ್ನೋಣ. ಉಳಿದ 996 ಜನರಲ್ಲಿ ನೂರಕ್ಕೆ 5ರಂತೆ ಸುಮಾರು 50 ಜನಕ್ಕೆ ಸುಮ್ಮಸುಮ್ಮನೆ ಪಾಸಿಟಿವ್. ಒಟ್ಟು 54ರಲ್ಲಿ ನಿಜವಾದ ರೋಗಿಗಳು ನಾಲ್ಕೇ ಜನ! ಅದೇ ಟೆಸ್ಟನ್ನು ಸಾವಿರಕ್ಕೆ 100 ರೋಗಿಗಳಿರುವ ಗುಂಪಿಗೆ ಮಾಡಿ: 95 ನಿಜ, 45 ಸುಳ್ಳು. ಟೆಸ್ಟ್ ಬದಲಾಗಲಿಲ್ಲ, ಗುಂಪು ಬದಲಾಯಿತು.

ಆ ಗುಂಪು ಎಲ್ಲಿದೆ? ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರಿನಲ್ಲಿ ನೆರಳು ಕಂಡವರನ್ನು ವಿಚಾರಿಸುವ ವ್ಯವಸ್ಥೆ ಮಾಡಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಕಫದಲ್ಲಿ ರೋಗಾಣು ಇದ್ದವರಲ್ಲಿ ಹೆಚ್ಚಿನವರಿಗೆ ತಮ್ಮ ಕಾಯಿಲೆಯ ಲಕ್ಷಣ ಗೊತ್ತಿತ್ತು; ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ‘ಹಳ್ಳಿಯವರಿಗೆ ಏನೂ ಗೊತ್ತಾಗಲ್ಲ’ ಅನ್ನೋ ಮಾತು ಅಲ್ಲಿಗೆ ಬಿತ್ತು. ಕೆಮ್ಮು ಅಂತ ತಾವೇ ಆಸ್ಪತ್ರೆಗೆ ಬರುವವರ ಕಫ ನೋಡುವುದು 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ಮುಖ್ಯ ದಾರಿಯಾಯಿತು. ಅದಕ್ಕೆ ಒಂದು ಮೈಕ್ರೋಸ್ಕೋಪ್ ಸಾಕಿತ್ತು.

ಇದೇ ಲೆಕ್ಕದ ಇನ್ನೊಂದು ಮುಖವನ್ನು ನಾವೇ ನೋಡಿದ್ದೀವಿ. ಜೂನ್ 2020ರಲ್ಲಿ ಐಸಿಎಂಆರ್ ಒಪ್ಪಿದ ಮೊದಲ ಕೋವಿಡ್ ಆಂಟಿಜೆನ್ ಕಿಟ್, ಸೋಂಕು ಇದ್ದವರಲ್ಲಿ ಪತ್ತೆ ಮಾಡುತ್ತಿದ್ದದ್ದು ಶೇ. 50.6ರಿಂದ 84ರಷ್ಟು ಜನರನ್ನು ಮಾತ್ರ. ಅದಕ್ಕೇ ಜ್ವರ, ಕೆಮ್ಮು ಇದ್ದು ನೆಗೆಟಿವ್ ಬಂದವರಿಗೆ ಮತ್ತೆ ಆರ್‌ಟಿ-ಪಿಸಿಆರ್ ಮಾಡಿಸಿ ಅಂದಿದ್ದು.

ಹಾಗಾಗಿ ಪ್ಯಾಕೇಜಿನ ರಿಪೋರ್ಟಲ್ಲಿ ಏನಾದರೂ ಬಂದರೆ ಗೂಗಲ್ ಮಾಡೋ ಮೊದಲು ಡಾಕ್ಟರನ್ನು ಎರಡು ಮಾತು ಕೇಳಿ. ನನ್ನ ವಯಸ್ಸಿನ, ನನ್ನಂಥ ಸಾವಿರ ಜನರಲ್ಲಿ ಈ ಕಾಯಿಲೆ ಎಷ್ಟು ಜನಕ್ಕಿರುತ್ತೆ? ಖಾತ್ರಿ ಮಾಡೋ ಎರಡನೇ ಟೆಸ್ಟ್ ಯಾವುದು? ತುಮಕೂರಿನಲ್ಲಿ ಎಕ್ಸ್-ರೇ ಆದಮೇಲೂ ಕಫ ನೋಡಿದ್ದು ಅದಕ್ಕೇ.