ಮಂಡಿ ಕಲಿಸಿದ ಚರಿತ್ರೆ

ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ನನ್ನ ಬಲಮಂಡಿಗೆ ಆಗ ಅರವತ್ತಮೂರು. ಕೆಂಪೇಗೌಡ ಗೋಪುರದ ಬಳಿಯಿಂದ ಇಳಿಯುವಾಗ ಪಾದ ಒಂದು ಕಡೆ ಊರಿಕೊಂಡಿತು, ದೇಹ ಇನ್ನೊಂದು ಕಡೆ ತಿರುಗಿತು. ಎದ್ದು ನೋಡಿದರೆ ಕಾಲು ಚಾಚಲಾಗದು. ಮಡಿಸಿದಲ್ಲೇ ಮಂಡಿ ಸಿಕ್ಕಿಕೊಂಡುಬಿಟ್ಟಿತ್ತು. ಕೀಲಿನೊಳಗೆ ಮೆತ್ತೆಯಂತಿರುವ ಅರ್ಧಚಂದ್ರಾಕಾರದ ಮೃದ್ವಸ್ಥಿ, ವೈದ್ಯರ ಮಾತಿನ ಮೆನಿಸ್ಕಸ್, ಹರಿದು ಮಡಿಚಿಕೊಂಡಿದೆ ಎಂದರು. ಸಣ್ಣ ರಂಧ್ರದಿಂದ ಕೊಳವೆ ತೂರಿಸಿ ಅದನ್ನು ಸರಿಪಡಿಸಿದರು. ಮರುದಿನವೇ ಮನೆಗೆ ಬಂದೆ.

ತಪ್ಪು ನಡೆದದ್ದು ಆನಂತರ, ಮಾಡಿದವನು ನಾನೇ. ಕಾಲೇಜಿನ ದಿನಗಳಿಂದ ದೂರದ ಓಟ ನನ್ನ ಹುಚ್ಚು. ಭಾನುವಾರ ಬೆಳಗ್ಗೆ ಬಸವನಗುಡಿಯಿಂದ ಹೊರಟು, ಚಾಮರಾಜಪೇಟೆ ದಾಟಿ, ಮಲ್ಲೇಶ್ವರದ ಸ್ಯಾಂಕಿ ಕೆರೆಯ ಏರಿಯವರೆಗೆ ಓಡಿ, ಬಸ್ಸಿನಲ್ಲಿ ಹಿಂತಿರುಗುವುದು ವಾಡಿಕೆ. ಆ ಓಟ ಉಳಿಯಬೇಕೆಂಬ ಆಸೆಯಿಂದಲೇ ಮಂಡಿಯನ್ನು ಗಾಜಿನ ಪಾತ್ರೆಯಂತೆ ಕಾಪಾಡಿದೆ. ವ್ಯಾಯಾಮದ ಚೀಟಿಯನ್ನು ಪಂಚಾಂಗದೊಳಗೆ ಇಟ್ಟು ಮರೆತೆ. ಬಂದವರೆಲ್ಲ "ವಿಶ್ರಾಂತಿಗಿಂತ ಔಷಧ ಉಂಟೇ ಮೇಷ್ಟ್ರೇ" ಎಂದರು. ನನಗೂ ಬೇಕಾಗಿದ್ದ ಮಾತು ಅದೇ. ಮೂರು ತಿಂಗಳ ಮೇಲೆ ಫಿಸಿಯೋಥೆರಪಿಯ ಹುಡುಗಿ ಟೇಪು ಹಿಡಿದು ಎರಡೂ ತೊಡೆಗಳನ್ನು ಅಳೆದಳು. ಬಲತೊಡೆ ಎಡತೊಡೆಗಿಂತ ಒಂದೂವರೆ ಇಂಚು ಕಡಿಮೆ!

"ಸಾರ್, ಮಂಡಿ ಚೆನ್ನಾಗಿದೆ. ಅದನ್ನು ಹೊರುವವರೇ ಇಲ್ಲ" ಎಂದಳು.

ಇಷ್ಟು ಸುಲಭವಾಗಿ ನಾವೆಲ್ಲ ಮಂಚವನ್ನು ನಂಬುವುದೇಕೆ? ಚರಿತ್ರೆ ಪಾಠ ಮಾಡಿದವನಾದ್ದರಿಂದ ಹಿಂದಕ್ಕೆ ಹೋಗಿ ಹುಡುಕಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ ಕೆಟ್ಟ ಕೀಲಿಗೆ ದೀರ್ಘವಾದ, ಎಡೆಬಿಡದ ವಿಶ್ರಾಂತಿಯೇ ಮದ್ದೆಂದು ಸಾರಿದ. ಅವನ ಹೆಸರಿನ ದಬ್ಬೆ ಮೊದಲನೆಯ ಮಹಾಯುದ್ಧದಲ್ಲಿ ಎಷ್ಟೋ ಸೈನಿಕರ ಪ್ರಾಣ ಉಳಿಸಿತು. ಆದ್ದರಿಂದ ಅವನನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಮುರಿದ ಎಲುಬಿಗೆ ಹೇಳಿದ್ದು ಎಲ್ಲ ನೋವಿಗೂ ಶಾಸ್ತ್ರವಾಗಿ ಬೆಳೆಯಿತು.

ಅದನ್ನು ಅಲುಗಾಡಿಸಿದವನು ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ತರುಣ ವೈದ್ಯ. ಹದಿಹರೆಯದಲ್ಲಿ ಕೀಲುವಾತದ ಜ್ವರ ಬಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ. ಶ್ರಮದ ಕೆಲಸ ಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಹುಡುಗ ರೈಲಿನ ಗಾಲಿಗಳಿಂದ ಭಾರ ಎತ್ತುವ ಸಾಮಗ್ರಿ ಮಾಡಿಕೊಂಡು ಮೈ ಬೆಳೆಸಿದ. ಎರಡನೆಯ ಮಹಾಯುದ್ಧದ ಕಾಲಕ್ಕೆ ಶಿಕಾಗೋದ ಗಾರ್ಡಿನರ್ ಸೈನಿಕ ಆಸ್ಪತ್ರೆಯಲ್ಲಿ ಮಂಡಿ ಕೆಟ್ಟ ಸೈನಿಕರು ತಿಂಗಳುಗಟ್ಟಲೆ ಬಿದ್ದಿದ್ದರು. ಡಿಲಾರ್ಮ್ ಅವರ ಪಾದಕ್ಕೆ ಕಬ್ಬಿಣದ ಪಾದರಕ್ಷೆ ಕಟ್ಟಿಸಿ, ಭಾರ ಏರಿಸುತ್ತ ಕಾಲು ಎತ್ತಿಸಿದ. 1945ರಲ್ಲಿ ಆ ಅನುಭವವನ್ನು ಪ್ರಕಟಿಸಿದ. 1948ರ ಹೊತ್ತಿಗೆ ಕ್ರಮ ಸರಳವಾಯಿತು: ಹತ್ತು ಸಲ ಮಾತ್ರ ಎತ್ತಬಲ್ಲ ಭಾರ ಎಷ್ಟೆಂದು ಕಂಡುಕೊಳ್ಳುವುದು, ಅದರ ಅರ್ಧ, ಮುಕ್ಕಾಲು, ಪೂರ್ತಿ, ಹೀಗೆ ಮೂರು ಸರದಿಯಲ್ಲಿ ಹತ್ತು ಹತ್ತು ಸಲ ಎತ್ತುವುದು. ನನ್ನ ಚೀಟಿಯಲ್ಲಿದ್ದದ್ದೂ ಹತ್ತರ ಮೂರು ಸರದಿಯೇ. ಪಂಚಾಂಗದೊಳಗೆ ಮಲಗಿತ್ತಲ್ಲ, ಅದೇ ಚೀಟಿ.

ಇಷ್ಟೆಲ್ಲ ಓದುವಾಗ ನಮ್ಮ ಊರಿನ ಕೆ.ವಿ. ಅಯ್ಯರ್ ನೆನಪಾಗದಿರಲಿಲ್ಲ. 'ಶಾಂತಲಾ', 'ರೂಪದರ್ಶಿ' ಬರೆದ ಕಾದಂಬರಿಕಾರರೆಂದು ಈಗಿನವರು ಬಲ್ಲರು. ಅದಕ್ಕೂ ಮೊದಲು ಅವರು ಬೆಂಗಳೂರಿನ ದೇಹದಾರ್ಢ್ಯದ ಗುರು, ಜೆ.ಸಿ. ರಸ್ತೆಯ ವ್ಯಾಯಾಮಶಾಲೆಯ ಒಡೆಯರು. ಡಿಲಾರ್ಮನ ಲೇಖನಕ್ಕೆ ಮುಂಚೆಯೇ, 1930ರ ದಶಕದಲ್ಲಿ, ಸೂರ್ಯನಮಸ್ಕಾರವನ್ನೂ ಡಂಬೆಲ್ಲನ್ನೂ ಒಟ್ಟಿಗೆ ಕಲಿಸುತ್ತಿದ್ದರು, ಅಂಚೆಯ ಮೂಲಕವೂ ಪಾಠ ಹೇಳುತ್ತಿದ್ದರು. ಭಾರ ಹೊರುತ್ತ ಹೋದರೆ ಮೈ ಬೆಳೆಯುತ್ತದೆಂಬ ಸತ್ಯ ಪೇಟೆಯ ಗರಡಿಗಳ ಉಸ್ತಾದರಿಗೆ ಅದಕ್ಕೂ ಹಿಂದಿನಿಂದ ಗೊತ್ತಿತ್ತು. ಬಸ್ಕಿ ಹೊಡೆದವನ ತೊಡೆ ಹೇಗಿರುತ್ತದೆಂದು ಯಾರಿಗೆ ಗೊತ್ತಿಲ್ಲ? ಆದರೆ ನಮ್ಮಲ್ಲಿ ಗರಡಿ ಗಟ್ಟಿಮುಟ್ಟಾದವರ ಜಾಗ, ಮಂಚ ರೋಗಿಯ ಜಾಗ. ಡಿಲಾರ್ಮನ ಹೆಚ್ಚುಗಾರಿಕೆಯೆಂದರೆ ಗರಡಿಯನ್ನು ಆಸ್ಪತ್ರೆಯೊಳಕ್ಕೆ ತಂದದ್ದು, ತಂದು ಲೆಕ್ಕ ಬರೆದಿಟ್ಟದ್ದು.

ಶಸ್ತ್ರಚಿಕಿತ್ಸೆಯ ಕಥೆ ಇನ್ನೊಂದು ದಿಕ್ಕಿನಿಂದ ಬಂತು. ಹಿಂದೆ ಹರಿದ ಮೆನಿಸ್ಕಸ್ಸನ್ನು ಇಡಿಯಾಗಿ ಕಿತ್ತುಹಾಕುತ್ತಿದ್ದರು. ಹಾಗೆ ಕಿತ್ತ ಮಂಡಿಯಲ್ಲಿ ಕಾಲಾಂತರದಲ್ಲಿ ಮೂಳೆಯೇ ಬದಲಾಗುತ್ತದೆಂದು 1948ರಲ್ಲಿ ಫೇರ್‌ಬ್ಯಾಂಕ್ ಎಂಬ ಬ್ರಿಟಿಷ್ ವೈದ್ಯ ಎಕ್ಸ್‌ರೇಗಳಿಂದ ತೋರಿಸಿಕೊಟ್ಟ. ಜಪಾನಿನ ಮಸಾಕಿ ವತಾನಬೆ 1962ರಲ್ಲಿ ಕೊಳವೆಯ ಮೂಲಕ ಹರಿದ ಭಾಗವನ್ನಷ್ಟೇ ತೆಗೆದ. ಹಾಗೆಂದು ಎಲ್ಲ ಮಂಡಿನೋವಿಗೂ ಈ ಕೊಳವೆ ಬೇಕಿಲ್ಲ. ವಯಸ್ಸಿನಿಂದ ಸವೆದ ಮಂಡಿಯವರಲ್ಲಿ ನಿಜವಾದ ಶಸ್ತ್ರಚಿಕಿತ್ಸೆಗೂ, ಚರ್ಮವನ್ನಷ್ಟೇ ಕೊಯ್ದು ಹೊಲಿದ ತೋರಿಕೆಯದಕ್ಕೂ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು 2002ರಲ್ಲಿ ಅಮೆರಿಕದಿಂದ ವರದಿ ಬಂತು. ಸವೆದು ಹರಿದ ಮೆನಿಸ್ಕಸ್ಸಿನ ವಿಷಯದಲ್ಲೂ ಅದೇ ಮಾತನ್ನು 2013ರಲ್ಲಿ ಫಿನ್ಲೆಂಡಿನವರು ಹೇಳಿದರು. ನನ್ನದು ಸಿಕ್ಕಿಕೊಂಡ ಮಂಡಿ, ಬೇರೆ ದಾರಿಯಿರಲಿಲ್ಲ. ನನ್ನನ್ನು ನೋಡಿ ಯಾರೂ ಆಸ್ಪತ್ರೆಗೆ ಓಡಬಾರದೆಂದು ಇಷ್ಟು ಬರೆದೆ.

ದೂರದ ಓಟದವರು ಜೋನ್ ಬೆನಾಯ್ಟಳ ಕಥೆಯನ್ನು ಪುರಾಣದಂತೆ ಹೇಳುತ್ತಾರೆ. 1984ರ ಏಪ್ರಿಲ್ 25ರಂದು ಮಂಡಿಗೆ ಕೊಳವೆಯ ಶಸ್ತ್ರಚಿಕಿತ್ಸೆ. ಹದಿನೇಳು ದಿನಕ್ಕೆ, ಮೇ 12ರಂದು, ಒಲಿಂಪಿಕ್ಸ್‌ನ ಅಮೆರಿಕದ ಆಯ್ಕೆ ಮ್ಯಾರಥಾನಿನಲ್ಲಿ ಮೊದಲಿಗಳು. ಆಗಸ್ಟ್ 5ರಂದು ಲಾಸ್ ಏಂಜಲೀಸಿನಲ್ಲಿ ಮಹಿಳೆಯರ ಮೊಟ್ಟಮೊದಲ ಒಲಿಂಪಿಕ್ ಮ್ಯಾರಥಾನನ್ನು 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಗೆದ್ದಳು. ಹೇಳುವವರು ಬಿಟ್ಟುಬಿಡುವ ಮಾತೊಂದಿದೆ: ಹಿಂದಿನ ವರ್ಷವೇ ಬಾಸ್ಟನ್ನಿನಲ್ಲಿ ಜಗತ್ತಿನ ದಾಖಲೆ ಮುರಿದಿದ್ದ ಕಾಲುಗಳು ಅವು. ಆ ಹದಿನೇಳು ದಿನಗಳ ಬೆನ್ನ ಹಿಂದೆ ಎಷ್ಟೋ ವರ್ಷಗಳ ತಾಲೀಮು ಇತ್ತು.

ನನಗೆ ಹತ್ತಿರದವರು ರೋಹನ್ ಬೋಪಣ್ಣ. ಶಸ್ತ್ರಚಿಕಿತ್ಸೆಯ ಕಥೆಯಲ್ಲ ಅದು. ಮಂಡಿಯ ಮೃದ್ವಸ್ಥಿಯೇ ಸವೆದುಹೋಗಿ, ನೋವಿನ ಮಾತ್ರೆ ನುಂಗುತ್ತ ಆಡುತ್ತಿದ್ದವರು ಅಯ್ಯಂಗಾರ್ ಯೋಗ ಹಿಡಿದು ಕಾಲು ಗಟ್ಟಿಮಾಡಿಕೊಂಡರು. ಆ ಪದ್ಧತಿಯ ಮೂಲಪುರುಷರಾದ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಸೀಮೆಯ ಬೆಳ್ಳೂರಿನವರು. 2024ರ ಜನವರಿಯಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ಬೋಪಣ್ಣ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು.

ನಾನು ಕುರ್ಚಿಯಿಂದ ಆರಂಭಿಸಿದೆ. ಕುಳಿತು ಕಾಲು ನೀಡಿ, ತೊಡೆ ಬಿಗಿಹಿಡಿದು, ಹತ್ತು ಎಣಿಸುವುದು. ಆಮೇಲೆ ಕಾಲಿಗೆ ಮರಳಿನ ಚೀಲ. ಅರ್ಧ ಬಸ್ಕಿಗೆ ಬರುವಷ್ಟರಲ್ಲಿ ಎರಡು ತಿಂಗಳು ಕಳೆದವು. ತರಗತಿಯಲ್ಲಿ ಎಷ್ಟು ಹುಡುಗರಿಗೆ ಬಸ್ಕಿ ಹೊಡೆಸಿದ್ದೆನೋ, ಬಡ್ಡಿ ಸಮೇತ ತೀರಿಸಿದೆ. ನಾಲ್ಕನೆಯ ತಿಂಗಳಲ್ಲಿ ಕೃಷ್ಣರಾವ್ ಪಾರ್ಕಿನಲ್ಲಿ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ. ಮರುದಿನ ಮಂಡಿ ಊದಿದರೆ ಒಂದು ಹೆಜ್ಜೆ ಹಿಂದಕ್ಕೆ, ಊದದಿದ್ದರೆ ಅರ್ಧ ನಿಮಿಷ ಮುಂದಕ್ಕೆ.

ಕಳೆದ ಭಾನುವಾರ ಸ್ಯಾಂಕಿ ಕೆರೆಯವರೆಗೆ ಹೋದೆ. ಮೂರರಲ್ಲಿ ಎರಡು ಪಾಲು ಓಟ, ಉಳಿದದ್ದು ನಡಿಗೆ. ಟೇಪಿನ ಲೆಕ್ಕದಲ್ಲಿ ಬಲತೊಡೆಗೆ ಇನ್ನೂ ಕಾಲು ಇಂಚು ಬಾಕಿಯಿದೆ. ಲಾಲ್‌ಬಾಗಿನ ಬಂಡೆಯನ್ನು ಮಾತ್ರ ಈಗಲೂ ಅಡ್ಡಡ್ಡವಾಗಿಯೇ ಇಳಿಯುತ್ತೇನೆ.