ಕೊಲ್ಯಾಬ್: ಹಲವು ಕೈಗಳ ಒಂದೇ ಹಲಗೆ

ಜೆರಾಕ್ಸ್ ಎಂದರೆ ನಮ್ಮಲ್ಲಿ ನಕಲು ಪ್ರತಿ ಎಂದೇ ರೂಢಿ. ಜಾಲಬದ್ಧ ಗಣಕಗಳಲ್ಲಿ ಹಲವರು ಒಂದೇ ಚಿತ್ರವನ್ನು ಏಕಕಾಲಕ್ಕೆ ಬರೆದು ತಿದ್ದುವ ಆರಂಭಿಕ ಪ್ರಯೋಗಗಳಲ್ಲೊಂದು ನಡೆದದ್ದೂ ಆ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿಯೇ. ಮಾರ್ಕ್ ಸ್ಟೆಫಿಕ್ ಮತ್ತು ಸಂಗಡಿಗರು 1980ರ ದಶಕದಲ್ಲಿ ರೂಪಿಸಿದ ಆ ಸಭಾಕೊಠಡಿಯ ಹೆಸರು ಕೊಲ್ಯಾಬ್. ಈಥರ್‌ನೆಟ್‌ನಿಂದ ಬೆಸೆದ ಗಣಕಗಳ ಮುಂದೆ ಕುಳಿತವರಿಗೆ 'ಬೋರ್ಡ್‌ನೋಟರ್' ತಂತ್ರಾಂಶವು ಸೀಮೆಸುಣ್ಣ, ಡಸ್ಟರುಗಳನ್ನು ಪರದೆಯ ಮೇಲೆಯೇ ಒದಗಿಸುತ್ತಿತ್ತು.

ತೊಡಕಿದ್ದುದು ಇಬ್ಬರ ಕೈ ಒಂದೇ ಕಡೆ ಬಿದ್ದಾಗ. ದತ್ತಾಂಶವನ್ನು ಒಂದೇ ಗಣಕದಲ್ಲಿಟ್ಟರೆ ಪ್ರತಿ ಬಾರಿಯೂ ಅದಕ್ಕಾಗಿ ಕಾಯಬೇಕು. ಆದ್ದರಿಂದ ಪ್ರತಿ ಗಣಕವೂ ಸ್ವಂತ ಪ್ರತಿಯನ್ನಿಟ್ಟುಕೊಂಡು, ತಿದ್ದುಪಡಿಗಳನ್ನಷ್ಟೇ ಉಳಿದವುಗಳಿಗೆ ಬಿತ್ತರಿಸುತ್ತಿತ್ತು. ಒಬ್ಬರು ತಿದ್ದುತ್ತಿರುವ ಭಾಗ ಇತರರ ಪರದೆಯಲ್ಲಿ ಮಸುಕಾಗಿ ಎಚ್ಚರಿಸುವ ವ್ಯವಸ್ಥೆಯೂ ಇತ್ತು. ಮಿಕ್ಕ ಘರ್ಷಣೆಗಳು ಬಾಯಿಮಾತಿನಲ್ಲೇ ಇತ್ಯರ್ಥ! ಎಲ್ಲರೂ ಒಂದೇ ಕೊಠಡಿಯಲ್ಲಿದ್ದರಷ್ಟೇ ನಡೆಯುವ ಉಪಾಯವಿದು. ದೂರದೂರದ ಊರುಗಳಿಂದ ತಿದ್ದುವವರಿಗೆ ಬೇರೆ ವಿಧಾನ ಬೇಕಾಯಿತು.